ಏಳನೆಯ ಚೌಕದಲ್ಲಿ ನೀರಿಲ್ಲ

ಹಳೆಯ ಕಂಪ್ಯೂಟರ್ ಆಟಗಳಿಗೆ ವಯಸ್ಸಾಗುವುದಿಲ್ಲ, ಇವತ್ತು ಹೊಸದಾಗಿ ಆಡುವವರಿಗೂ ಅವು ಅಷ್ಟೇ ರುಚಿಸುತ್ತವೆ ಎಂದು ಹೇಳುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನೀವು ಮೊದಲ ಸಲ ಆಡಿದ್ದು ಯಾವಾಗ? "ಏಳನೇ ಕ್ಲಾಸಲ್ಲಿ" ಅನ್ನುತ್ತಾರೆ. ಅಲ್ಲಿಗೆ ಸಾಕ್ಷಿ ಬಿದ್ದುಹೋಯಿತು. ಏಳನೇ ಕ್ಲಾಸಿನಲ್ಲಿ ತಿಂದ ಐಸ್‌ಕ್ಯಾಂಡಿಯ ಬಗ್ಗೆಯೂ ಯಾರ ಮಾತನ್ನೂ ನಂಬಬಾರದು.

ಪುಣೆಯಲ್ಲಿ ಈ ವಾದದವರಿಗೆ ಇತ್ತೀಚೆಗೆ ಒಂದು ಒಳ್ಳೆಯ ಉದಾಹರಣೆ ಸಿಕ್ಕಿದೆ. ಇಪ್ಪತ್ತೈದು ವರ್ಷದ ಹಿಂದೆ ಇದೇ ಊರಿನಲ್ಲಿ ಹುಟ್ಟಿದ ಒಂದು ಆಟ ಈಗ ಮೊಬೈಲಿನಲ್ಲಿ ಮತ್ತೆ ಬಂದಿದೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಆಡಿದವರೆಲ್ಲ ಕರೆದದ್ದು 'ವಾಡೆ' ಎಂದೇ. ಕಾಲೇಜು ಹುಡುಗಿಯರು ಬಸ್ಸಿನಲ್ಲಿ ಕೂತು ಆಡುತ್ತಾರೆ. "ನೋಡ್ರಪ್ಪಾ, ಹಳೇದು ಹೇಗೆ ನಿಂತಿದೆ" ಅಂತ ಅವರ ಅಪ್ಪಂದಿರು ಹೆಮ್ಮೆಪಡುತ್ತಾರೆ.

ಅದು ನಿಲ್ಲಲಿಲ್ಲ. ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದ ಕೋಣೆಯಲ್ಲಿ ನಾನಿದ್ದೆ. ಬೀಳಿಸಿದವಳೂ ನಾನೇ.

ನನ್ನ ಕೆಲಸ ಏನು ಅಂತ ಮನೆಯವರಿಗೆ ಇನ್ನೂ ವಿವರಿಸಲು ಆಗಿಲ್ಲ. ದಾವಣಗೆರೆಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ಪು ತಂದದ್ದು ಬಿಟ್ಟರೆ ನನಗೆ ಬೇರೆ ಯೋಗ್ಯತೆ ಇರಲಿಲ್ಲ. ಅದೇ ವೇದಿಕೆಗಳಲ್ಲಿ ನನಗಿಂತ ಆರು ವರ್ಷ ಮುಂದಿದ್ದ ಅಕ್ಕ ಒಬ್ಬಳು ಪುಣೆಯ ಒಂದು ಸಣ್ಣ ಗೇಮ್ ಕಂಪನಿಯಲ್ಲಿ ಲೀಡ್ ಆಗಿದ್ದಳು. ಬೆಂಗಳೂರಿನವಳು. ಫೋನ್ ಮಾಡಿ ಕೇಳಿದಳು, "ನೀನು ಗೇಮ್ಸ್ ಆಡ್ತೀಯಾ?"

"ಇಲ್ಲ ಅಕ್ಕಾ. ಟೈಮ್ ವೇಸ್ಟು."

"ಪರ್ಫೆಕ್ಟ್. ಬಾ."

ಅವರಿಗೆ ಬೇಕಾಗಿದ್ದು ಏನೂ ಆಡಿರದ, ಆದರೆ ಬಾಯಿ ಮುಚ್ಚದ ಮನುಷ್ಯರು. ಪರೀಕ್ಷೆಯ ಕ್ರಮ ಹೀಗೆ: ಹೊಸಬರನ್ನು ಆಟದ ಮುಂದೆ ಕೂರಿಸುತ್ತಾರೆ. ಆಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳುತ್ತಿರಬೇಕು, ರೆಕಾರ್ಡ್ ಆಗುತ್ತದೆ. ಯಾರೂ ಸಹಾಯ ಮಾಡಕೂಡದು. ಆಟವನ್ನು ಮೊದಲಿನಿಂದ ಶುರು ಮಾಡುವ ಹಾಗಿಲ್ಲ. ಸಾಕು ಅನ್ನಿಸಿದರೆ "ಬಿಟ್ಟೆ" ಎಂದು ಹೇಳಿ ಎದ್ದು ಬರಬಹುದು. ಅಷ್ಟೇ.

ಆಫೀಸು ಇದ್ದದ್ದು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗೆ ಬೇಕರಿ. ಪರೀಕ್ಷೆಯ ಕೋಣೆಗೆ ಕಿಟಕಿಯಿಲ್ಲ, ಬಾಗಿಲಲ್ಲಿ ಒಂದು ಉದ್ದನೆಯ ಗಾಜು ಮಾತ್ರ. ಬಾಗಿಲು ಕಾರ್ಡಿಗೆ ತೆರೆಯುತ್ತದೆ, ಆಡುವವರಿಗೆ ಕಾರ್ಡು ಕೊಡುವುದಿಲ್ಲ. ಬಾತ್‌ರೂಮಿಗೆ ಹೋಗಬೇಕಾದರೂ ಗಾಜು ತಟ್ಟಬೇಕು. ಎ.ಸಿ. ಹಲ್ಲು ಕಟಕಟಿಸುವಷ್ಟು ತಣ್ಣಗೆ, ಅದರ ತೂತಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ. ಮೇ ತಿಂಗಳಿನಲ್ಲಿ ನಾನು ಸ್ವೆಟರ್ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದೆ.

ವಾಡೆಯನ್ನು ಮಾಡಿದವರು ಐವತ್ತು ದಾಟಿದ ಒಬ್ಬ ಮನುಷ್ಯ. ವಿಜಯಪುರದ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷ. ಎಲ್ಲರೂ 'ಸರ್' ಅನ್ನುತ್ತಿದ್ದರು, ನಾನೂ. ಆಟದ ಹಕ್ಕು ಕಂಪನಿಗೆ ಕೊಡುವಾಗ ಅವರು ಎರಡು ಮಾತು ಹೇಳಿದ್ದರಂತೆ. ಪರೀಕ್ಷೆ ನಡೆಯುವಾಗ ತಾವೂ ಕೋಣೆಯಲ್ಲಿ ಇರಬೇಕು. ಮತ್ತೆ, ಹೊಸಬರಿಗೆ ಹಿಡಿಸಿದರೆ ಆಟ ಇದ್ದ ಹಾಗೇ ಹೋಗಬೇಕು. ಹಿಡಿಸದೆ ಏನಾದರೂ ಬದಲಾಯಿಸುವುದಾದರೆ ತಮ್ಮ ಹೆಸರು ತೆಗೆಯಬೇಕು. ಆಯುಷ್ಯದಲ್ಲಿ ಅವರು ಮಾಡಿದ್ದು ಅದೊಂದೇ ಆಟ. ಅದರ ಮೇಲೆ ಅವರ ಹೆಸರು ಉಳಿಯುತ್ತದೋ ಇಲ್ಲವೋ ಎಂಬುದು ಆರು ಜನ ಹೊಸಬರ ಕೈಯಲ್ಲಿತ್ತು. ಐವರು ಆಗಲೇ ಅರ್ಧಗಂಟೆಯಲ್ಲಿ "ಬೋರು" ಎಂದು ಎದ್ದುಹೋಗಿದ್ದರು. ಬೋರು ಎಂಬುದು ಕಾರಣವಲ್ಲ ಎಂದು ಲೀಡ್ ಅಕ್ಕ ಅವರ ಕಾಗದಗಳನ್ನು ಬದಿಗಿಟ್ಟಿದ್ದಳು. ಉಳಿದವಳು ನಾನು.

ಮೊದಲ ದಿನ ನಾನು ಒಳಗೆ ಹೋದಾಗ ಅವರು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಬಡೇಸೋಪಿನ ಸಣ್ಣ ಡಬ್ಬಿ.

"ಬರ್ರಿ ತಂಗಿ, ಕೂಡ್ರಿ. ದಾವಣಗೆರೀಯವರಂತಲ್ಲಾ? ಅಲ್ಲಿ ಬೆಣ್ಣಿ ದ್ವಾಸಿ ತಿಂದು ಬಾಯಿ ಹಿಂಗ ಜಾರತದೇನು?"

"ನನ್ನ ಬಾಯಿ ಬಗ್ಗೆ ನಿಮಗೆ ಯಾರು ಹೇಳಿದ್ರು ಸರ್?"

"ಹೊರಗ ನಿಂತು ಕೇಳ್ಸಿಕೊಂಡೀನ್ರಿ. ಗಾಜು ಭಾಳ ತೆಳ್ಳಗ ಅದ." ಆಮೇಲೆ ತುಟಿಯ ಮೇಲೆ ಬೆರಳು ಎಳೆದು ತೋರಿಸಿದರು. "ಇನ್ನ ಮ್ಯಾಲ ನಾ ಕೀಲಿ ಹಾಕಿದಂಗ. ಏನೂ ಹೇಳಂಗಿಲ್ಲ."

ಆಟ ಶುರುವಾಯಿತು. ಒಂದು ದೊಡ್ಡ ವಾಡೆ, ಕೋಟೆಯಂಥ ಹಳೆಯ ಮನೆ. ಏಳು ಚೌಕ, ಅಂದರೆ ಒಂದರ ಹಿಂದೊಂದು ಏಳು ಒಳಅಂಗಳ. ನೀವು ಮೊದಲನೆಯದರಲ್ಲಿ ಎಚ್ಚರಗೊಳ್ಳುತ್ತೀರಿ, ಏಳನೆಯದರಿಂದ ಹೊರಗೆ ಬೀಳಬೇಕು. ಚೌಕ ದಾಟಿದ ಕೂಡಲೇ ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಟ ಅಲ್ಲಿಗೆ ತಾನೇ ಸೇವ್ ಆಗುತ್ತದೆ, ಹಿಂದಿನದು ಅಳಿಸಿಹೋಗುತ್ತದೆ. ಕೈಯಲ್ಲಿ ಒಂದು ತಂಬಿಗೆ ನೀರು. ಮೊದಲ ಚೌಕದ ನಡುವೆ ತುಳಸಿಕಟ್ಟೆ, ಅದರಲ್ಲಿ ಒಣಗಿದ ತುಳಸಿ.

"ನೀರಿದೆ, ಗಿಡ ಒಣಗಿದೆ," ಅಂದೆ ಜೋರಾಗಿ, ನಿಯಮದ ಪ್ರಕಾರ. "ಹಾಗಾದರೆ ನೀರು ಹಾಕಬೇಕು. ಅರ್ಧ ಹಾಕು, ಪೂರ್ತಿ ಹಾಕು ಅಂತ ಎರಡು ಕೊಟ್ಟಿದ್ದಾರೆ. ಪೂರ್ತಿ ಹಾಕ್ತೀನಿ. ಕಂಜೂಸು ಯಾಕೆ?"

ಮೂಲೆಯಿಂದ ಕೆಮ್ಮು ಬಂತು. ಒಂದೇ ಒಂದು, ಚಿಕ್ಕದು.

ನಾನು ಬೆರಳು ಎತ್ತಿದೆ. ತಿರುಗಿ ನೋಡಿದೆ. ಅವರು ಎ.ಸಿ.ಯ ಕಡೆ ನೋಡುತ್ತಿದ್ದರು.

ಇಲ್ಲಿ ನನ್ನ ತರಬೇತಿಯ ಬಗ್ಗೆ ಹೇಳಬೇಕು. ವೇದಿಕೆಯ ಮೇಲೆ ಎದುರಾಳಿಗೆ ಸಭೆಯಿಂದ ಯಾರಾದರೂ ಸನ್ನೆ ಮಾಡಿದರೆ ಥಟ್ಟನೆ ಎದ್ದು "ಕ್ರಿಯಾಲೋಪ, ಅಧ್ಯಕ್ಷರೇ" ಅನ್ನಬೇಕು. ನಿಮಗೇ ಸನ್ನೆ ಮಾಡಿದರೂ ಅನ್ನಬೇಕು. ಆಗ ತೀರ್ಪುಗಾರರು ನಿಮ್ಮನ್ನು ಇನ್ನಷ್ಟು ನಂಬುತ್ತಾರೆ. ಇದನ್ನು ನನಗೆ ಕಲಿಸಿದವಳು ಇದೇ ಲೀಡ್ ಅಕ್ಕ. ನಾನು ಮೈಕಿಗೆ ಸ್ಪಷ್ಟವಾಗಿ ಹೇಳಿದೆ: "ಸರ್ ಕೆಮ್ಮಿದರು. ಅಂದರೆ ಪೂರ್ತಿ ಹಾಕಬೇಡ ಅಂತ ಸೂಚನೆ. ಇದು ಸಹಾಯ. ದಾಖಲಾಗಲಿ."

"ಬಡೇಸೋಪಿನ ಕಾಳು ಗಂಟಲಕ್ಕ ಸಿಕ್ಕತ್ರಿ ತಂಗಿ," ಅಂದರು ಅವರು.

"ಸರ್, ಈಗ ಮಾತೂ ಆಡಿದ್ರಿ."

ಗಾಜು ತಟ್ಟಿದೆ. ಲೀಡ್ ಅಕ್ಕ ಬಂದಳು. ನಾನು ಹೇಳಿದ್ದು ಕೇಳಿ ಅವಳಿಗೆ ನಗು, ಆದರೆ ನಿಯಮ ನಿಯಮವೇ. "ಸಾರಿ ಸರ್, ನೀವು ಹೊರಗೆ ಕೂತ್ಕೋಬೇಕಾಗತ್ತೆ." ಅವರು ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋದರು. ಬಾಗಿಲಲ್ಲಿ ನಿಂತು, "ತಂಗಿ, ನೀವು ವಕೀಲರಾಗಬೇಕಾಗಿತ್ತು ನೋಡ್ರಿ," ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಬಾಗಿಲು ಮುಚ್ಚಿತು. ನಾನು ತಂಬಿಗೆಯ ನೀರನ್ನು ಪೂರ್ತಿ ತುಳಸಿಗೆ ಸುರಿದೆ. ಬೇಕಂತಲೇ. ಸಿಕ್ಕ ಸಹಾಯವನ್ನು ನಾನು ಬಳಸಿಲ್ಲ ಎಂದು ತೋರಿಸಲು ಬೇರೆ ದಾರಿ ಇರಲಿಲ್ಲ. ತುಳಸಿ ಚಿಗುರಿತು, ಸಣ್ಣ ಘಂಟೆಗಳ ಒಂದು ಚೆಂದದ ಸದ್ದು ಬಂತು, ಬಾಗಿಲು ತೆರೆಯಿತು. "ನೋಡಿ, ಸರಿಯಾಗಿಯೇ ಇದೆ," ಅಂದೆ ಖಾಲಿ ಕೋಣೆಗೆ.

ಆಟ ಕೆಟ್ಟದ್ದು ಅಂತ ನಾನು ಹೇಳಲಾರೆ. ಎರಡನೇ ಚೌಕದಲ್ಲಿ ಒಂದು ಬೀಸುವ ಕಲ್ಲು ಇತ್ತು. ಅದು ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಬೇಕು. ನಾಲ್ಕನೆಯದರಲ್ಲಿ ಮಾಳಿಗೆಯ ಗಿಳಿ ನಾನು ಹಿಂದೆ ತೆರೆದ ಬಾಗಿಲುಗಳನ್ನು ಒಂದೊಂದಾಗಿ ಹೇಳುತ್ತದೆ. ಸಂಜೆ ಐದಕ್ಕೆ ಎದ್ದಾಗ ನಾನು ನಗುತ್ತಿದ್ದೆ. ಮರುದಿನ ಊಟಕ್ಕೆ ಮುಂಚೆಯೇ ಏಳನೇ ಚೌಕಕ್ಕೆ ಬಂದೆ. ಹಿಂದೆ ಬಾಗಿಲು ಮುಚ್ಚಿತು.

ಅಲ್ಲಿ ನಡುವೆ ಒಂದು ಕಲ್ಲಿನ ತೊಟ್ಟಿ, ಪಕ್ಕದಲ್ಲಿ ತಳಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲು. ಮದುವೆ ಮನೆಯಲ್ಲಿ ಮುಹೂರ್ತಕ್ಕೆ ಇಡುತ್ತಾರಲ್ಲ, ಆ ಗಳಿಗೆ ಬಟ್ಟಲು. ತೊಟ್ಟಿಯಲ್ಲಿ ನೀರಿದ್ದರೆ ಬಟ್ಟಲನ್ನು ತೇಲಿಬಿಡಬೇಕು. ಅದು ಮೆಲ್ಲಗೆ ತುಂಬಿ ಮುಳುಗಿದಾಗ ಕೊನೆಯ ಬಾಗಿಲು ತೆರೆಯುತ್ತದೆ. ನೋಡಿದ ಕೂಡಲೇ ಅರ್ಥವಾಯಿತು. ತೊಟ್ಟಿ ಒಣಗಿತ್ತು. ನನ್ನ ತಂಬಿಗೆಯೂ ಒಣಗಿತ್ತು. ನೀರು ಆರು ಚೌಕದ ಹಿಂದೆ, ಆರು ಮುಚ್ಚಿದ ಬಾಗಿಲುಗಳ ಹಿಂದೆ, ಒಂದು ತುಳಸಿಯ ಬೇರಿನಲ್ಲಿತ್ತು.

"ಕೆಮ್ಮಿದ್ದು ಇದಕ್ಕೆ," ಅಂದೆ ಮೈಕಿಗೆ.

ಅಲ್ಲಿಗೆ "ಬಿಟ್ಟೆ" ಅನ್ನಬಹುದಾಗಿತ್ತು. ಅನ್ನಲಿಲ್ಲ. ಇಷ್ಟು ದೂರ ಬಿಟ್ಟುಕೊಂಡು ಬಂದ ಮೇಲೆ ಬೇರೆ ದಾರಿ ಇಟ್ಟೇ ಇರುತ್ತಾರೆ ಎಂಬ ಹಟ. ಅಂಗಳದ ಒಂದೊಂದು ಕಲ್ಲನ್ನೂ ಒತ್ತಿ ನೋಡಿದೆ. ಮೂಲೆಯಲ್ಲೊಂದು ಬಾವಿ, ಅದಕ್ಕೆ ಹಗ್ಗವಿಲ್ಲ, ಇಣುಕಿದರೆ ಕತ್ತಲೆ. ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಬಿಡದೆ ಬರುತ್ತಿತ್ತು, ಮೂರು ಹನಿ, ಒಂದು ನಿಲುಗಡೆ, ಮತ್ತೆ ಮೂರು ಹನಿ. ಆ ಸದ್ದಿನ ಹಿಂದೆ ಗೋಡೆಯಿಂದ ಗೋಡೆಗೆ ಹೋದೆ. ಅದು ಎಲ್ಲ ಗೋಡೆಗಳಲ್ಲೂ ಒಂದೇ ಸಮ ಕೇಳುತ್ತಿತ್ತು. ಆ ಚೌಕದಲ್ಲಿ ಹೊತ್ತು ಕಳೆಯುವುದಿಲ್ಲ, ಯಾವಾಗಲೂ ಮಧ್ಯಾಹ್ನ ನಾಲ್ಕರ ಬಿಸಿಲು. ಯಾರೂ ಬಂದು ಕೊಲ್ಲುವುದಿಲ್ಲ. ಸೋತಿರಿ ಎಂದು ಅಕ್ಷರ ಬರುವುದಿಲ್ಲ. ನಡೆಯಬಹುದು, ಸುತ್ತಬಹುದು, ಎಷ್ಟು ಹೊತ್ತಾದರೂ.

ಎರಡನೇ ದಿನದ ಉಳಿದ ಹೊತ್ತು, ಮೂರನೇ ದಿನದ ಬೆಳಗು. ನನ್ನ ಮಾತು ನಿಂತಿತು. ರೆಕಾರ್ಡಿನಲ್ಲಿ ಈಗ ಕೇಳಿದರೆ ಎ.ಸಿ. ಗುಯ್‌ಗುಡುವುದು, ಹನಿ, ನಡುವೆ ಎಲ್ಲೋ ನಾನು "ಇಲ್ಲ" ಅನ್ನುವುದು. ಎರಡು ಸಲ ಗಾಜು ತಟ್ಟಿದಾಗ ಯಾರೂ ಬಂದು ತೆರೆಯಲಿಲ್ಲ; ಕಾರ್ಡು ಇದ್ದವರೆಲ್ಲ ಊಟಕ್ಕೆ ಹೋಗಿದ್ದರು. ಆ ಬೆಳಕಿನ ಅಂಗಳ ಮತ್ತು ಈ ಕಿಟಕಿಯಿಲ್ಲದ ಕೋಣೆ, ಯಾವುದರಲ್ಲಿ ಕೂತಿದ್ದೇನೆ ಅನ್ನುವುದೇ ಒಂದು ಗಳಿಗೆ ಗೊತ್ತಾಗಲಿಲ್ಲ. ಆಮೇಲೆ ನೋಡಿದರೆ ಗಾಜಿನಾಚೆ ಒಂದು ಬಿಳಿ ಅಂಗಿಯ ಭುಜ. ಅವರು ಕುರ್ಚಿಯನ್ನು ಬಾಗಿಲಿಗೆ ಒತ್ತಿಕೊಂಡು, ನನಗೆ ಬೆನ್ನು ಹಾಕಿ ಕೂತಿದ್ದರು. ಮೂರು ದಿನವೂ ಬಂದಿದ್ದರಂತೆ. ಅವರ ಬಳಿಯೂ ಕಾರ್ಡು ಇರಲಿಲ್ಲ.

ಹನ್ನೆರಡು ಗಂಟೆಗೆ "ಬಿಟ್ಟೆ" ಅಂದೆ.

ಮೀಟಿಂಗು ಅದೇ ಶುಕ್ರವಾರ. ನಾನು ಸಿಟ್ಟಿನಲ್ಲಿದ್ದೆ, ಸಿಟ್ಟಿನಲ್ಲಿ ನನ್ನ ವಾದ ಇನ್ನೂ ಹರಿತವಾಗುತ್ತದೆ. ಹೇಳಿದೆ: ಈ ಆಟ ಕಷ್ಟ ಅಂತ ನನ್ನ ತಕರಾರಲ್ಲ. ಇದು ನನ್ನ ಕೈಯಲ್ಲಿ ಒಂದು ನಿರ್ಧಾರ ಮಾಡಿಸುತ್ತದೆ, ಆದರೆ ಅದು ನಿರ್ಧಾರ ಅಂತಲೇ ಹೇಳುವುದಿಲ್ಲ. ತಪ್ಪು ಮಾಡಿದಾಗ ಘಂಟೆ ಬಾರಿಸಿ ಶಹಬ್ಬಾಸ್ ಅನ್ನುತ್ತದೆ. ಒಂದು ದಿನ ಕಳೆದ ಮೇಲೆ ಒಳಗೆ ಹಾಕಿ ಕೀಲಿ ಜಡಿಯುತ್ತದೆ. ಆಗಿನವರು ಇದನ್ನು ಸಹಿಸಿದ್ದರೆ ಅದಕ್ಕೆ ಕಾರಣ ಅವರಿಗೆ ಬೇರೆ ಆಟ ಇರಲಿಲ್ಲ, ಅಷ್ಟೇ.

ಯಾರೋ ಕೇಳಿದರು, "ಆದರೆ ಒಂದು ಸೂಚನೆ ಸಿಕ್ಕಿತ್ತಲ್ಲ, ಆ ಕೆಮ್ಮು?"

"ಹೌದು," ಅಂದೆ. "ಆಟದೊಳಗೆ ಸೂಚನೆ ಇಲ್ಲ, ಸರ್ ಅವರ ಗಂಟಲಿನಲ್ಲಿದೆ. ಏನು ಮಾಡೋಣ? ಪ್ರತಿ ಮೊಬೈಲಿನ ಜೊತೆ ಸರ್‌ನೂ ಪ್ಯಾಕ್ ಮಾಡಿ ಕಳಿಸ್ತೀರಾ?"

ಕೋಣೆ ನಕ್ಕಿತು. ಒಳ್ಳೆಯ ನಗು, ಚಪ್ಪಾಳೆಗೆ ಸಮೀಪದ್ದು. ಅವರೂ ಸ್ವಲ್ಪ ನಕ್ಕರು. ಡಬ್ಬಿ ತೆಗೆದು ಅಂಗೈಗೆ ನಾಲ್ಕು ಕಾಳು ಬಡೇಸೋಪು ಹಾಕಿಕೊಂಡರು. ಏನಾದರೂ ಹೇಳುವುದಿದೆಯಾ ಎಂದು ಲೀಡ್ ಅಕ್ಕ ಕೇಳಿದಳು. "ಇಲ್ರಿ, ತಂಗಿ ಎಲ್ಲಾ ಹೇಳ್ಯಾಳಲ್ಲಾ," ಅಂದರು. ತೀರ್ಮಾನವಾಯಿತು: ತುಳಸಿಯ ಮೇಲೆ ಒಂದು ಹಳದಿ ಬಾಣ ಬರಬೇಕು, ತಂಬಿಗೆಯ ನೀರು ಮುಗಿಯಬಾರದು, ಯಾವ ಚೌಕಕ್ಕಾದರೂ ಹಿಂದಿರುಗಬಹುದು. ಅವರ ಹೆಸರು ತೆಗೆಯಬೇಕು. ಅದನ್ನೂ ಲೀಡ್ ಅಕ್ಕ ಬರೆದುಕೊಂಡಳು.

ಇಲ್ಲಿಗೆ ನಾನು ಗೆದ್ದೆ. ಇದಾದ ಮೇಲೆ ಮಂಗಳವಾರ, ಕೆಳಗೆ ಬೇಕರಿಯ ಸರದಿಯಲ್ಲಿ ನಿಂತಿದ್ದೆ. ಗಲ್ಲಾದ ಹಿಂದಿನ ಮನುಷ್ಯನಿಗೆ ನಲವತ್ತರ ಆಸುಪಾಸು, ಕನ್ನಡಕ ಹಣೆಯ ಮೇಲೆ. ನನ್ನ ಕೊರಳಲ್ಲಿದ್ದ ಆಫೀಸಿನ ಪಟ್ಟಿ ನೋಡಿ ಮರಾಠಿಯಲ್ಲಿ ಕೇಳಿದ, "ಏನ್ ಮ್ಯಾಡಂ, ಮೇಲೆ ನಮ್ಮ ವಾಡೆಯನ್ನು ಮತ್ತೆ ತೆರೀತೀರಂತೆ?"

"ನಮ್ಮ ಅಂದ್ರೆ?"

"ಅದೇ ಮಹಡಿ ಅಲ್ಲವಾ! ಅಲ್ಲೇ ಆ ಆಟ ಮಾಡಿದವರ ಗೇಮ್ ಪಾರ್ಲರ್ ಇದ್ದದ್ದು. ಆರು ಕಂಪ್ಯೂಟರು. ಸಂಜೆ ಕಾಲೇಜು ಬಿಟ್ಟ ಮೇಲೆ ಎಲ್ಲರೂ ಅಲ್ಲೇ. ನೀವು ಆಡಿದ್ರಾ? ಎಲ್ಲಿತನಕ ಬಂದ್ರಿ?"

"ಏಳನೇ ಚೌಕ. ನೀರಿರಲಿಲ್ಲ."

ಅವನು ಬಿಸ್ಕತ್ತು ಕಟ್ಟುವುದನ್ನು ನಿಲ್ಲಿಸಿದ. ಮುಖದಲ್ಲಿ ಕನಿಕರ. "ತುಳಸಿಗೆ ಪೂರ್ತಿ ಹಾಕಿದ್ರಾ? ಯಾಕೆ, ಯಾರೂ ಕೆಮ್ಮಲಿಲ್ಲವಾ?"

ನನ್ನ ಹಿಂದೆ ಸರದಿಯವರು ಗೊಣಗುತ್ತಿದ್ದರು. ಅವನು ಲೆಕ್ಕಿಸಲಿಲ್ಲ. ಪಾರ್ಲರಿನಲ್ಲಿ ಒಂದೇ ಕಟ್ಟಳೆ ಇತ್ತಂತೆ: ಆಡುತ್ತಿರುವವನಿಗೆ ಬಾಯಿಬಿಟ್ಟು ಹೇಳಬಾರದು, ಹೇಳಿದವನು ಹೊರಗೆ. ಆದರೆ ಕುರ್ಚಿಯ ಹಿಂದೆ ಯಾವಾಗಲೂ ನಾಲ್ಕೈದು ಜನ ನಿಂತಿರುತ್ತಿದ್ದರು. ಹೊಸಬ ತುಳಸಿಯ ಮುಂದೆ ಬಂದು ಬೆರಳು ಇಡುವ ಹೊತ್ತಿಗೆ ಹಿಂದಿನವರೆಲ್ಲ ಒಟ್ಟಿಗೆ ಕೆಮ್ಮುತ್ತಿದ್ದರು. ಅವನು ಬೆಚ್ಚಿ ತಿರುಗಿ ನೋಡುತ್ತಿದ್ದ. ಎಲ್ಲರೂ ಛಾವಣಿ ನೋಡುತ್ತಿದ್ದರು. "ಆಗ ತಿಳ್ಕೋಬೇಕು, ಇಲ್ಲೇನೋ ಇದೆ ಅಂತ. ಏನು ಅಂತ ನೀವೇ ಹುಡುಕಬೇಕು. ಗೆದ್ದ ಮೇಲೆ ನಿಮಗೂ ಹಿಂದೆ ನಿಂತು ಕೆಮ್ಮೋ ಹಕ್ಕು ಬರ್ತಿತ್ತು. ನನಗೆ ಹದಿನೇಳು ವಯಸ್ಸು, ಮೊದಲ ಸಲ ಕೆಮ್ಮಿದ ದಿನ ಮನೆಗೆ ಹೋಗಿ ಅಮ್ಮನಿಗೆ ಹೇಳಿದ್ದೆ." ಅವನು ಮುಷ್ಟಿಯನ್ನು ಬಾಯಿಗೆ ಹಿಡಿದು ಕೆಮ್ಮಿ ತೋರಿಸಿದ. ಒಂದೇ ಒಂದು, ಚಿಕ್ಕದು.

ನಾನು ಬಿಸ್ಕತ್ತನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ.

ಲೀಡ್ ಅಕ್ಕನಿಗೆ ಹೇಳಿದೆ, ನನ್ನ ಪರೀಕ್ಷೆ ಅಸಿಂಧು. ಆ ಆಟವನ್ನು ಒಬ್ಬರೇ ಆಡಲು ಮಾಡಿಯೇ ಇಲ್ಲ. ಹಿಂದೆ ನಿಂತವರೂ ಆಟದ ಭಾಗ. ನಾವು ಕೋಣೆಯಿಂದ ಆಟದ ಅರ್ಧವನ್ನು ಹೊರಗೆ ಕಳಿಸಿ, ಉಳಿದರ್ಧ ಕುಂಟುತ್ತದೆ ಅಂತ ಬರೆದೆವು.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಓಕೆ. ಹಾಗಾದ್ರೆ ಈಗಿನ ಪ್ಲೇಯರ್ ಹಿಂದೆ ಯಾರು ನಿಂತಿರ್ತಾರೆ?"

"ಯಾರೂ ಇಲ್ಲ."

"ಮತ್ತೆ? ನಿನ್ನ ರಿಪೋರ್ಟ್ ಸರೀನೇ ಇದೆ. ಹೊಸಬರಿಗೆ ಅದು ವರ್ಕ್ ಆಗಲ್ಲ."

"ಆದರೆ ಅಕ್ಕಾ, ಕಾರಣ ತಪ್ಪು. ಆಟದಲ್ಲಿ ಸೂಚನೆ ಇಲ್ಲ ಅಂದೆ. ಇತ್ತು."

"ಹೊರಗಿನ ಸಹಾಯ ಲೆಕ್ಕಕ್ಕಿಲ್ಲ ಅಂತ ಗಾಜು ತಟ್ಟಿದ್ದು ಯಾರು? ನಾನಾ? ನಿನ್ನ ವಾದಾನ ನೀನೇ ಒಡಿ ನೋಡೋಣ. ನನ್ನ ಕೈಲಿ ಆಗ್ತಿಲ್ಲ."

ನಿಂತಲ್ಲೇ ಪ್ರಯತ್ನ ಮಾಡಿದೆ. ಒಂದೊಂದು ಬಾಗಿಲನ್ನೂ ತಳ್ಳಿ ನೋಡಿದೆ. ಎಲ್ಲವನ್ನೂ ನಾನೇ, ಚೆನ್ನಾಗಿ, ಹಿಂದಿನಿಂದ ಮುಚ್ಚಿದ್ದೆ. ಈಗಲೂ ರಸ್ತೆಯಲ್ಲಿ ಯಾರಾದರೂ "ಹಳೇ ಆಟ ಹೇಗೆ ನಿಂತಿದೆ ನೋಡಿ" ಅಂದರೆ ಬಾಯಿ ತೆರೆಯುತ್ತೇನೆ, ಆಮೇಲೆ ಯಾವ ಪಕ್ಷ ಹಿಡಿಯಬೇಕು ಗೊತ್ತಾಗುವುದಿಲ್ಲ. ನಿಂತಿಲ್ಲ ಅನ್ನಲೇ? ನಿಲ್ಲುವ ನೆಲವನ್ನೇ ತೆಗೆದ ಮೇಲೆ ಬಿದ್ದಿತು ಅನ್ನಲೇ? ಬಸ್ಸಿನಲ್ಲಿ ಪಕ್ಕದ ಹುಡುಗಿ ಹಳದಿ ಬಾಣದ ಹಿಂದೆ ಹಿಂದೆ ಹೋಗಿ ಏಳು ಚೌಕವನ್ನು ಎರಡು ಸ್ಟಾಪಿನಲ್ಲಿ ದಾಟಿ ಮೊಬೈಲು ಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿದ್ದೇನೆ. ನನ್ನ ಗಂಟಲು ಕೆರೆಯಿತು. ಕೆಮ್ಮಲು ಅಲ್ಲಿ ಏನೂ ಇರಲಿಲ್ಲ.

ಆಟ ಹೊರಬರುವ ಮುಂಚಿನ ವಾರ ಸರ್ ತಮ್ಮ ಸಾಮಾನು ಒಯ್ಯಲು ಬಂದಿದ್ದರು. ಪಾರ್ಲರಿನ ಕಾಲದ ಒಂದು ದಪ್ಪ ಮಾನಿಟರು, ಎರಡು ಕೀಬೋರ್ಡು, ಪರೀಕ್ಷೆಗೆಂದು ತಂದುಕೊಟ್ಟಿದ್ದವು. ಮಾನಿಟರನ್ನು ಅವರು ಎತ್ತಿಕೊಂಡರು, ಕೀಬೋರ್ಡುಗಳನ್ನು ನಾನು.

"ಬ್ಯಾಡ ಬಿಡ್ರಿ ತಂಗಿ, ಧೂಳ ಅದ. ಸ್ವೆಟರ್ ಹೊಲಸಾಗತದ."

"ಪರವಾಗಿಲ್ಲ ಸರ್."

ಮೆಟ್ಟಿಲು ಕಡಿದಾಗಿತ್ತು. ಅವರು ಮುಂದೆ, ಮಾನಿಟರನ್ನು ಎದೆಗೆ ಅವುಚಿಕೊಂಡು, ಪಾದದಿಂದ ಒಂದೊಂದು ಮೆಟ್ಟಿಲನ್ನೂ ತಡಕುತ್ತ. ನಾನು ಹಿಂದೆ. ಬೇಕರಿಯವನು ಹೇಳಿದ್ದನ್ನೆಲ್ಲ ಹೇಳಿದೆ. ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆ, ಕುರ್ಚಿಯ ಹಿಂದಿನ ಜನ, ಛಾವಣಿ ನೋಡುವುದು. ಅವರು "ಹ್ಞೂಂ, ಹ್ಞೂಂ" ಅನ್ನುತ್ತ ಇಳಿದರು. ಮೊದಲ ಮಹಡಿಯ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ಮಾನಿಟರನ್ನು ಮೆಟ್ಟಿಲ ಪಕ್ಕದ ಕಟಾಂಜನದ ಮೇಲೆ ಆನಿಸಿ ನಿಂತರು. ಅದರ ಕಪ್ಪು ಗಾಜಿನಲ್ಲಿ ನಾವಿಬ್ಬರೂ ಕಾಣುತ್ತಿದ್ದೆವು, ಅವರ ಭುಜದ ಹಿಂದೆ ನಾನು. ಗಾಜಿನಲ್ಲಿದ್ದ ಅವರ ಮುಖವನ್ನೇ ನೋಡುತ್ತ ಕೇಳಿದೆ.

"ಆವತ್ತು ಮೀಟಿಂಗಲ್ಲಿ ನಾನು ಅಷ್ಟೆಲ್ಲ ಮಾತಾಡ್ತಾ ಹೋದ್ನಲ್ಲಾ ಸರ್, ನೀವು ಒಂದು ಸಲಾನಾದ್ರೂ ಯಾಕೆ ಕೆಮ್ಮಲಿಲ್ಲ?"